ಒಂದು ತಿಂಗಳ ನೂಲಿನಷ್ಟು ನಡಿಗೆ: ಬೆಳಗಾವಿಯ ಸ್ವಾತಂತ್ರ್ಯ ಹೋರಾಟದ ಜಾಗಗಳನ್ನು ತೋರಿಸುವ ಬಗೆ

ಮೂವತ್ತೊಂದು ವರ್ಷ ಬೆಳಗಾವಿಯಲ್ಲಿ ಟಪಾಲು ಹಂಚಿದವನು ನಾನು. ರಿಟೈರ್ ಆದ ಮೇಲೆ ಬೆಳಿಗ್ಗೆ ಕಾಲು ಸುಮ್ನೆ ಇರಲೊಲ್ಲವು. ಆಗ ಎದುರು ಮನೆ ಹುಡುಗಿ ಕಾಲೇಜಿನ ಪ್ರಾಜೆಕ್ಟಿಗೆ ಅಂತ, "ಕಾಕಾ, ಕಾಂಗ್ರೆಸ್ ಬಾವಿ ತೋರಿಸ್ತೀರೇನು?" ಅಂದಳು. 1924ರ ಕಾಂಗ್ರೆಸ್ ಅಧಿವೇಶನಕ್ಕೆ ಅಂತ ತೋಡಿದ ಬಾವಿ ಅದು. ಜೊತೆಗೆ ನಾಲ್ಕು ಗೆಳತಿಯರು ಬಂದರು. ಮುಂದಿನ ಭಾನುವಾರ ಅವರ ಅಪ್ಪ ಅಮ್ಮ ಬಂದರು. ಹಾಗೆ ಶುರುವಾಯಿತು. ಈಗ ಬೇರೆಯವರೂ ತಮ್ಮ ಓಣಿಯ ಮಕ್ಕಳನ್ನು ಕರೆದುಕೊಂಡು ಹೋಗಬೇಕು ಅಂತ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. ಶುರುವಿನಲ್ಲಿ ನನ್ನ ಪಟ್ಟಿಯಲ್ಲಿ ಒಂಬತ್ತು ಜಾಗ ಇದ್ದವು. ಚೆನ್ನಮ್ಮ ಸರ್ಕಲ್, ಕೋಟೆ, ರಾಯಣ್ಣ, 1858ರಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿದ ನರಗುಂದದ ಬಾಬಾಸಾಹೇಬ, 1916ರಲ್ಲಿ ಇಲ್ಲೇ ಹೋಮ್ ರೂಲ್ ಲೀಗ್ ಕಟ್ಟಿದ ತಿಲಕರು, ಗಾಂಧೀಜಿ, ಎಲ್ಲರೂ ಒಂದೇ ಬೆಳಿಗ್ಗೆಗೆ. ನಾಲ್ಕನೇ ಜಾಗಕ್ಕೆ ಬರುವಷ್ಟರಲ್ಲಿ ಜನ ಚಹಾದ ಅಂಗಡಿ ಹುಡುಕುತ್ತಿದ್ದರು. ಒಬ್ಬ ಹುಡುಗ ಮನೆಗೆ ಹೋಗಿ, ತಿಲಕರನ್ನು ಬೆಳಗಾವಿ ಕೋಟೆಯಲ್ಲಿ ಗಲ್ಲಿಗೇರಿಸಿದರು ಅಂದನಂತೆ! ಅವನ ತಪ್ಪಲ್ಲ, ನನ್ನದು. ಅವತ್ತಿನಿಂದ ಒಂದೇ ಎಳೆ ಹಿಡಿದಿದ್ದೇನೆ: 1924ರಿಂದ 1942ರವರೆಗೆ. ಉಳಿದದ್ದು ಬೇರೆ ದಿನಕ್ಕೆ.

ಎಳೆ ಅಂದೆನಲ್ಲ, ಅದು ನಿಜವಾದ ನೂಲೇ. 1924ರ ಡಿಸೆಂಬರ್ 26 ಮತ್ತು 27ರಂದು ತಿಲಕವಾಡಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. ಇಷ್ಟು ಎಲ್ಲ ಪುಸ್ತಕದಲ್ಲೂ ಇದೆ. ಅಲ್ಲಿ ಒಪ್ಪಿಕೊಂಡ ಒಂದು ನಿಯಮ ಮಾತ್ರ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕಾಂಗ್ರೆಸ್ ಸದಸ್ಯನಾಗಬೇಕಾದರೆ ತಿಂಗಳಿಗೆ 2,000 ಗಜ ನೂಲು ಕೊಡಬೇಕು. ದುಡ್ಡಲ್ಲ, ನೂಲು. ತಾನು ನೂಲಲಾಗದವನು ಇನ್ನೊಬ್ಬರು ನೂತದ್ದನ್ನು ತಂದು ಕೊಡಬಹುದಿತ್ತು. ನಿಯಮ ಬಹಳ ದಿನ ಬಾಳಲಿಲ್ಲ. ಮರುವರ್ಷವೇ ಸಡಿಲಾಯಿತು.

2,000 ಗಜ ಅಂದರೆ ಎಷ್ಟು ಉದ್ದ? ಮೀಟರ್ ಲೆಕ್ಕದಲ್ಲಿ 1,829. ನಾನು ಒಂದು ದಿನ ಬಾವಿಯ ಹತ್ತಿರದಿಂದ ಸ್ಟೇಷನ್ ಕಡೆಗೆ ಹೆಜ್ಜೆ ಎಣಿಸುತ್ತಾ ಹೊರಟೆ. ನನ್ನ ಹೆಜ್ಜೆಯಲ್ಲಿ ಸುಮಾರು 2,600 ಆಯಿತು. ಎಣಿಕೆ ಮುಗಿದ ಕಡೆ ನಿಂತು ಸುತ್ತ ನೋಡಿ ಗುರುತಿಟ್ಟುಕೊಂಡೆ. ಈಗ ನಮ್ಮ ನಡಿಗೆ ಅಲ್ಲಿಂದಲೇ ಶುರು. ಒಬ್ಬ ಸದಸ್ಯನ ಒಂದು ತಿಂಗಳ ನೂಲಿನಷ್ಟು ದೂರ. ನೀವೂ ಹೀಗೇ ಮಾಡಿ. ಮೊಬೈಲಿನ ಮ್ಯಾಪಲ್ಲಿ ಅಳೆಯಬಹುದು, ಆದರೆ ಹೆಜ್ಜೆ ಎಣಿಸಿದರೆ ದಾರಿಯ ಚರಂಡಿ, ನಾಯಿ, ಒಡೆದ ಫುಟ್‌ಪಾತ್ ಎಲ್ಲ ಗೊತ್ತಾಗುತ್ತದೆ.

ಜನರನ್ನು ಕರೆಯುವ ಮೊದಲು ಆ ದಾರಿಯನ್ನು ಮೂರು ಸಲ ಒಬ್ಬರೇ ನಡೆಯಿರಿ. ಒಂದು ಸಲ ಕೆಲಸದ ದಿನ, ಒಂದು ಸಲ ಭಾನುವಾರ, ಇನ್ನೊಂದು ಸಲ ಮನೆಯ ವಯಸ್ಸಾದವರನ್ನು ಕರೆದುಕೊಂಡು. ಮೂರನೆಯದು ಮುಖ್ಯ. ನಮ್ಮನೆಯವಳು ಬಂದಾಗಲೇ ಗೊತ್ತಾಯಿತು, ಸ್ಟೇಷನ್ ಬಿಟ್ಟರೆ ಮುಂದೆ ಶೌಚಾಲಯ ಕಷ್ಟ ಅಂತ. ಈಗ ಹೊರಡುವ ಮೊದಲೇ ಎಲ್ಲರಿಗೂ ಹೇಳಿಬಿಡುತ್ತೇನೆ. ಬೆಳಿಗ್ಗೆ ಏಳಕ್ಕೆ ಹೊರಡಿ. ಹನ್ನೆರಡು ಜನಕ್ಕಿಂತ ಜಾಸ್ತಿ ಬೇಡ, ಹಿಂದಿನವರಿಗೆ ಕೇಳಿಸುವುದಿಲ್ಲ. ಮೈಕು ತಗೊಂಡರೆ ರಸ್ತೆಯವರೆಲ್ಲ ನಿಂತು ನೋಡುತ್ತಾರೆ. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರನ್ನು ಮುಂದೆ ಬಿಡಿ. ಅವರ ನಡಿಗೆಯೇ ಎಲ್ಲರ ನಡಿಗೆ. ಇದು ನನಗೆ ಬೀಟ್, ಅಂದರೆ ದಿನಾ ಟಪಾಲು ಹಂಚುವ ಸುತ್ತು, ಕಲಿಸಿದ ಪಾಠ ಅಲ್ಲ. ಬೀಟಲ್ಲಿ ನಾನು ಓಡುತ್ತಲೇ ಇದ್ದೆ.

ಶುರುವಿನಲ್ಲಿ ಭಾಷಣ ಮಾಡಬೇಡಿ. ನನ್ನ ಚೀಲದಲ್ಲಿ ಹುದಲಿಯಿಂದ ತಂದ ಒಂದು ಲಡಿ ನೂಲು ಇರುತ್ತದೆ. ಅದನ್ನು ಒಬ್ಬರ ಕೈಗೆ ಕೊಟ್ಟು, "ಬಾವಿ ಬರುವವರೆಗೆ ಇದು ನಿಮ್ಮದು" ಅನ್ನುತ್ತೇನೆ. ಯಾಕೆ ಅಂತ ಆಗ ಹೇಳುವುದಿಲ್ಲ. ಇನ್ನೊಂದು ಸಾಲು ಸೇರಿಸುತ್ತೇನೆ ಅಷ್ಟೇ: ಈ ನೂಲಿನ ಊರು ಹುದಲಿ ಗಂಗಾಧರರಾವ್ ದೇಶಪಾಂಡೆಯವರ ಊರು. ಕರ್ನಾಟಕ ಸಿಂಹ ಅಂತ ಕರೆಸಿಕೊಂಡವರು. 1924ರ ಅಧಿವೇಶನದ ಭಾರವೆಲ್ಲ ಅವರ ಹೆಗಲ ಮೇಲೆ ಇತ್ತು.

ಮೊದಲ ನಿಲ್ದಾಣ ರೈಲ್ವೆ ಗೇಟ್. ತಿಲಕವಾಡಿಯ ಗೇಟುಗಳಿಗೆ ಹೆಸರಿಲ್ಲ, ಫಸ್ಟ್ ಗೇಟ್, ಸೆಕೆಂಡ್ ಗೇಟ್ ಅಂತ ನಂಬರ್ ಅಷ್ಟೇ. ಗೇಟ್ ಬಿದ್ದಿದ್ದರೆ ಬೇಸರ ಮಾಡಿಕೊಳ್ಳಬೇಡಿ, ನಿಮಗೆ ಅದೇ ಬೇಕು. ರೈಲು ಹೋಗುವವರೆಗೆ ಯಾರೂ ಎಲ್ಲೂ ಹೋಗುವಂತಿಲ್ಲ. ಆಗ 1942ರ ಕಥೆ ಶುರು ಮಾಡಿ. ಯುದ್ಧದ ಕಾಲ ಅದು. ಆಗಸ್ಟ್ 8ರ ರಾತ್ರಿ ಮುಂಬೈಯಲ್ಲಿ ಬ್ರಿಟಿಷರೇ ಭಾರತ ಬಿಟ್ಟು ತೊಲಗಿ ಅನ್ನುವ ಠರಾವು ಆಯಿತು. 9ರ ಬೆಳಗಾಗುವಷ್ಟರಲ್ಲಿ ಗಾಂಧೀಜಿ, ನೆಹರೂ, ಪಟೇಲರು ಎಲ್ಲರೂ ಬಂಧನದಲ್ಲಿ. ಹೇಳುವವರಿಲ್ಲ, ಕೇಳುವವರಿಲ್ಲ. ಬೆಳಗಾವಿ ಜಿಲ್ಲೆಯ ಹುಡುಗರು ತಮಗೆ ತೋಚಿದ್ದು ಮಾಡಿದರು. ತಂತಿ ಕಡಿದರು, ಚಾವಡಿಯ ದಫ್ತರ ಸುಟ್ಟರು, ಟಪಾಲಿಗೂ ರೈಲಿಗೂ ಅಡ್ಡ ಬಂದರು.

ಇಲ್ಲಿ ನಾನು ಹಳಿಯ ಪಕ್ಕದ ಕಂಬ ತೋರಿಸುತ್ತೇನೆ. ತಂತಿ ಕಡಿದರೆ ಏನಾಗುತ್ತದೆ ಅಂತ ಈಗಿನ ಮಕ್ಕಳಿಗೆ ಹೊಳೆಯುವುದಿಲ್ಲ. ಆಗ ಸುದ್ದಿ ಓಡುತ್ತಿದ್ದದ್ದು ಆ ತಂತಿಯ ಮೇಲೆ. ಪೊಲೀಸರ ಸುದ್ದಿಯೂ ಅದರ ಮೇಲೆ, ರೈಲು ಬಿಡುವ ಸುದ್ದಿಯೂ ಅದರ ಮೇಲೆ. ತಂತಿ ಹೋದರೆ ಮುಂದಿನ ಸ್ಟೇಷನ್ ಕುರುಡು. "ಒಂದು ದಿನ ಇಡೀ ಊರಿನ ನೆಟ್‌ವರ್ಕ್ ಹೋಯಿತು ಅಂದುಕೊಳ್ಳಿ" ಅಂದರೆ ಮುಖಗಳು ಅರಳುತ್ತವೆ. ಇನ್ನೊಂದು ಮಾತು. ಟಪಾಲಿನವನಾದ ನನಗೆ ಸುಟ್ಟ ಟಪಾಲು ಪೆಟ್ಟಿಗೆಗಳ ಕಥೆ ಹೇಳುವಾಗ ಒಳಗೆ ಚುರುಕ್ ಅನ್ನುತ್ತದೆ. ಆ ಪೆಟ್ಟಿಗೆಯಲ್ಲಿ ಯಾರದೋ ಅವ್ವನಿಗೆ ಬರೆದ ಕಾಗದವೂ ಇರುತ್ತಿತ್ತಲ್ಲ. ಅದನ್ನೂ ಹೇಳಿ, ಮುಚ್ಚಿಡಬೇಡಿ.

ಹಾಗೇ ಕ್ಯಾಂಪಿನ, ಅಂದರೆ ಸೈನ್ಯ ಇರುವ ದಂಡು ಪ್ರದೇಶದ, ದಿಕ್ಕಿಗೆ ಕೈ ತೋರಿಸಿ. ಅಷ್ಟರ ಹೊತ್ತಿಗೆ ಮರಾಠಾ ರೆಜಿಮೆಂಟಿನ ತರಬೇತಿ ಕೇಂದ್ರ ಬೆಳಗಾವಿಗೆ ಬಂದು ಇಪ್ಪತ್ತು ವರ್ಷ ಆಗಿತ್ತು. ಒಂದು ಕಡೆ ಜಿಲ್ಲೆಯ ಹುಡುಗರು ತಂತಿ ಕಡಿಯುತ್ತಿದ್ದಾಗ ಇನ್ನೊಂದು ಕಡೆ ಇದೇ ಊರಿನಿಂದ ಸಿಪಾಯಿಗಳು ಯುದ್ಧಕ್ಕೆ ಹೋಗುತ್ತಿದ್ದರು. ಆ ರೆಜಿಮೆಂಟಿನ ಯಶವಂತ ಘಾಡಗೆ, ನಾಮದೇವ ಜಾಧವ ಇಬ್ಬರಿಗೂ ಇಟಲಿಯ ಕಾಳಗದಲ್ಲಿ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಗುಂಪಿನಲ್ಲಿ ಸೈನಿಕರ ಮನೆಯವರು ಇದ್ದೇ ಇರುತ್ತಾರೆ, ಇದು ಬೆಳಗಾವಿ. ಯಾರು ಸರಿ ಅಂತ ತೀರ್ಪು ಕೊಡಲು ಹೋಗಬೇಡಿ. ಎರಡನ್ನೂ ಹೇಳಿ ಮುಂದೆ ನಡೆಯಿರಿ.

ಆಮೇಲೆ ಕಾಂಗ್ರೆಸ್ ರಸ್ತೆ ಹಿಡಿದು ಬಾವಿಗೆ. ದಾರಿಯಲ್ಲಿ ಮಾತು ಬೇಡ. ವಾಹನದ ಗದ್ದಲದಲ್ಲಿ ಕೂಗಿದರೆ ಗಂಟಲು ಹೋಗುತ್ತದೆ, ಯಾರಿಗೂ ಕೇಳಿಸಿರುವುದಿಲ್ಲ.

ಬಾವಿಯ ಹತ್ತಿರ ಅರ್ಧ ಗಂಟೆ ಇಟ್ಟುಕೊಳ್ಳಿ. ಪಕ್ಕದ ವೀರಸೌಧದಲ್ಲಿ ಫೋಟೋಗಳಿವೆ, ಆದರೆ ಮೊದಲು ಅಲ್ಲಿಗೆ ಒಯ್ಯಬೇಡಿ. ಫೋಟೋ ಕಂಡ ಕೂಡಲೇ ಜನ ಮೊಬೈಲ್ ತೆಗೆಯುತ್ತಾರೆ. ಮೊದಲು ಬಾವಿ. ಎಲ್ಲರನ್ನೂ ಸುತ್ತಲೂ ನಿಲ್ಲಿಸಿ ಒಂದು ಪ್ರಶ್ನೆ ಕೇಳಿ: ಇಡೀ ದೇಶದ ಜನ ನಿಮ್ಮ ಊರಿಗೆ ಬರುತ್ತಾರೆ ಅಂದರೆ ಮೊದಲು ಏನು ಬೇಕು? ಊಟ ಅನ್ನುತ್ತಾರೆ, ಚಪ್ಪರ ಅನ್ನುತ್ತಾರೆ. ಯಾರಾದರೂ ಹೆಣ್ಣುಮಗಳು "ನೀರು" ಅನ್ನುತ್ತಾಳೆ. ಪ್ರತಿ ಸಲವೂ ಹೆಣ್ಣುಮಗಳೇ. ಆಗ ಬಾವಿ ತೋರಿಸಿ. ಬಂದವರ ನೀರಿಗಾಗಿ ತೋಡಿದ ಬಾವಿ ಇದು. ಅಧಿವೇಶನದ ಬಯಲಿಗೆ ವಿಜಯನಗರ ಅಂತ ಹೆಸರಿಟ್ಟಿದ್ದರು, ಬಾಗಿಲಿಗೆ ಹಂಪಿಯ ವಿರೂಪಾಕ್ಷ ಗುಡಿಯ ಗೋಪುರದಂಥ ಗೋಪುರ ಕಟ್ಟಿದ್ದರು, ಈ ಬಾವಿಗೆ ಪಂಪಾ ಸರೋವರ ಅಂದರು. ಸ್ವಯಂಸೇವಕರನ್ನು ನೋಡಿಕೊಂಡವರು ಕಾಂಗ್ರೆಸ್ಸಿನ ಸ್ವಯಂಸೇವಕರ ಪಡೆ ಸೇವಾದಳದ ಡಾಕ್ಟರ್ ಹರ್ಡೀಕರ್. ಇನ್ನೂ ಚಿಕ್ಕ ಹುಡುಗಿಯಾಗಿದ್ದ ಗಂಗೂಬಾಯಿ ಹಾನಗಲ್ ಇಲ್ಲಿ ಗಾಂಧೀಜಿಯ ಮುಂದೆ ಹಾಡಿದ್ದರು.

ಗೋಪುರ ಹೋಯಿತು, ಚಪ್ಪರ ಹೋಯಿತು. ಬಾವಿ ಉಳಿಯಿತು. 1990ರ ದಶಕದಲ್ಲಿ ಊರಿಗೆ ನೀರಿನ ಬರ ಬಂದಾಗ ಹಳೇ ಬಾವಿಗಳ ಹೂಳು ತೆಗೆದರಲ್ಲ, ಆಗ ಇದಕ್ಕೂ ಮತ್ತೆ ಕೆಲಸ ಬಂತು.

ಈಗ ನೂಲು ಹಿಡಿದವರನ್ನು ಕರೆಯಿರಿ. ನಾವು ನಡೆದು ಬಂದ ದಾರಿಯ ಉದ್ದ ಹೇಳಿ, 2,000 ಗಜದ ನಿಯಮ ಹೇಳಿ. ನಂತರ ಲಡಿಯಿಂದ ಒಂದು ಎಳೆ ಬಿಡಿಸಿ ಎಲ್ಲರ ಬೆರಳಿಗೂ ಕೊಡಿ. ಕೈನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಇರುತ್ತದೆ. ಎಳೆದರೆ ತೆಳ್ಳಗಿರುವಲ್ಲಿ ಪಟ್ ಅಂತ ತುಂಡಾಗುತ್ತದೆ. ಹರಿಯಲಿ ಬಿಡಿ. "ಕಾಕಾ, ಸ್ಟೇಷನ್ನಿನ ಕಡೆಯಿಂದ ಇಲ್ಲಿವರೆಗೂ ಹರಿಯದಂಗ ನೂಲಬೇಕಿತ್ತಾ?" ಅಂತ ಒಬ್ಬ ಹುಡುಗ ಕೇಳಿದ್ದ. ಹರಿದರೆ ಗಂಟು ಹಾಕಿ ಮುಂದುವರಿಸುತ್ತಿದ್ದರಪ್ಪಾ ಅಂದೆ.

ಒಂದು ಎಚ್ಚರಿಕೆ. ಕೇಳಿದ್ದನ್ನೆಲ್ಲ ಹೇಳಬೇಡಿ. ಮೊದಲ ವರ್ಷ ನಾನು ದಾರಿಯಲ್ಲಿ ಒಂದು ದೊಡ್ಡ ಮರ ತೋರಿಸಿ, 1924ರಲ್ಲಿ ಬಂದವರ ಟಾಂಗಾಗಳು ಇದರ ನೆರಳಲ್ಲೇ ನಿಲ್ಲುತ್ತಿದ್ದವು ಅನ್ನುತ್ತಿದ್ದೆ. ಯಾರೋ ಹೇಳಿದ್ದು, ಚೆಂದ ಇತ್ತು, ಹೇಳಿದೆ. ಒಂದು ದಿನ ಅಲ್ಲೇ ಕಟ್ಟೆ ಮೇಲೆ ಕೂತಿದ್ದ ಅಜ್ಜಿ ಎದ್ದು ಬಂದು, "ತಮ್ಮಾ, ಈ ಗಿಡ ನಾವ ಹಚ್ಚೀವಿ, ನಮ್ಮ ದೊಡ್ಡ ಮಗಾ ಹುಟ್ಟಿದ ವರ್ಷ" ಅಂದರು. ಹನ್ನೊಂದು ಜನರ ಮುಂದೆ. ಮಗನಿಗೆ ಎಷ್ಟು ವಯಸ್ಸು ಅಂತ ಕೇಳುವ ಧೈರ್ಯ ಆಗಲಿಲ್ಲ. ಈಗ ನನ್ನ ವಹಿಯಲ್ಲಿ ಎರಡು ಕಡೆ ಓದಿದ್ದು ಮಾತ್ರ ಇರುತ್ತದೆ. ಆ ಅಜ್ಜಿಗೆ ಪ್ರತಿ ಸಲ ನಮಸ್ಕಾರ ಹೇಳಿ ಮುಂದೆ ಹೋಗುತ್ತೇನೆ.

ಗುಂಪಿನಲ್ಲಿ ಮರಾಠಿ ಮಾತಾಡುವವರು ಇದ್ದರೆ ಮುಖ್ಯವಾದ ಎರಡು ಸಾಲು ಮರಾಠಿಯಲ್ಲೂ ಹೇಳಿ. ಗಂಗಾಧರರಾವ್ ತಮ್ಮ ಜೀವನಕಥೆ ಬರೆದದ್ದೇ ಮರಾಠಿಯಲ್ಲಿ. ಗಡಿಯ ಜಗಳ ಯಾರಾದರೂ ಎತ್ತಿದರೆ ಚಹಾ ಹೇಳಿ. ಅರ್ಧ ಕಪ್ ಸಾಕು.

ಹಿಂಡಲಗಾ ಜೈಲನ್ನೂ ತೋರಿಸಿ ಅಂತ ಕೇಳುತ್ತಾರೆ. ಹೋರಾಟಗಾರರನ್ನು ಕೂಡಿಟ್ಟಿದ್ದ ಜಾಗ. ಬೇಂದ್ರೆಯವರೂ 1932ರಲ್ಲಿ ಅಲ್ಲಿದ್ದರು. ಆದರೆ ಅದು ಈಗಲೂ ಜೈಲೇ. ಗೇಟಿನ ಮುಂದೆ ಗುಂಪು ಕಟ್ಟಿಕೊಂಡು ನಿಂತರೆ, ಫೋಟೋ ತೆಗೆದರೆ ಬೈಸಿಕೊಳ್ಳುತ್ತೀರಿ. ನಾನು ಬಾವಿಯ ಹತ್ತಿರವೇ ಅದರ ಕಥೆ ಹೇಳಿ ಮುಗಿಸುತ್ತೇನೆ. ಇನ್ನೂ ನೋಡಬೇಕು ಅನ್ನುವವರಿಗೆ ಹುದಲಿಗೆ ಹೋಗಲು ಹೇಳಿ. 1937ರ ಏಪ್ರಿಲ್‌ನಲ್ಲಿ ಗಾಂಧೀಜಿ ಅಲ್ಲಿ ಬಂದು ಕೆಲವು ದಿನ ಉಳಿದಿದ್ದರು. ಖಾದಿ ಕೆಲಸ ಇವತ್ತಿಗೂ ನಡೆಯುತ್ತದೆ, ಲಡಿ ಅಲ್ಲೇ ಸಿಗುತ್ತದೆ. ಕಿತ್ತೂರಿಗೆ, ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡಕ್ಕೆ ಒಂದೊಂದು ಇಡೀ ದಿನ ಬೇಕು.

ಮಳೆಗಾಲದಲ್ಲಿ ನಾನು ನಡಿಗೆ ಇಡುವುದಿಲ್ಲ. ಬೆಳಗಾವಿ ಮಳೆ ನಿಮಗೇ ಗೊತ್ತಲ್ವಾ. ನವೆಂಬರಿನಿಂದ ಫೆಬ್ರುವರಿ ಚಲೋ. ಆದರೂ ಚೀಲದಲ್ಲಿ ಒಂದು ಪ್ಲಾಸ್ಟಿಕ್ ಹಾಳೆ ಇಟ್ಟುಕೊಳ್ಳಿ, ನೂಲು ತೋಯಬಾರದು. ಮತ್ತೆ ಹೊಸ ಲಡಿ ಬೇಕಾದಾಗ ನನಗೂ ಒಂದು ತನ್ನಿ, ನನ್ನದರಲ್ಲಿ ಈಗ ಗಂಟುಗಳೇ ಜಾಸ್ತಿ.