ಹಳೇ 86, ಹೊಸ ಜಿಆರ್86: ಡೈನೋ ಶೀಟ್ ಹೋಲಿಸುವುದು ಹೇಗೆ?

ಡೈನೋ ಅಂದರೆ ಕಾರಿನ ಪವರ್ ಅಳೆಯುವ ಯಂತ್ರ, ಅದು ಕೊಡುವ ಗ್ರಾಫೇ ಡೈನೋ ಶೀಟ್. ಕಂಪನಿ ಹೇಳುವುದು ಎಂಜಿನ್ನಿನ ಪವರ್. 2012ರಲ್ಲಿ ಬಂದ 2.0 ಲೀಟರಿನ ಟೊಯೋಟಾ 86ಕ್ಕೆ 200 ಹಾರ್ಸ್‌ಪವರ್, 2.4 ಲೀಟರಿನ ಜಿಆರ್86ಕ್ಕೆ ಅಮೆರಿಕದ ಲೆಕ್ಕದಲ್ಲಿ 228. ಚಕ್ರಗಳನ್ನು ರೋಲರ್ ಮೇಲೆ ಓಡಿಸುವ ರೋಲರ್ ಡೈನೋ ಅಳೆಯುವುದು ದಾರಿಯಲ್ಲಿ ಒಂದಿಷ್ಟು ಕಳೆದು ಚಕ್ರಕ್ಕೆ ತಲುಪಿದ್ದನ್ನು, ಹಾಗಾಗಿ ಶೀಟ್‌ನಲ್ಲಿ ಕಮ್ಮಿ ಬಂದರೆ ಗಾಬರಿ ಬೇಡ.

ಎರಡು ಕಾರನ್ನೂ ಒಂದೇ ಡೈನೋ ಮೇಲೆ, ಆದಷ್ಟು ಒಂದೇ ದಿನ, ಅದೇ ಆಕ್ಟೇನ್ ಪೆಟ್ರೋಲ್, ಅದೇ ಗೇರ್, ಸರಿಯಾದ ಟೈರ್ ಗಾಳಿ ಇಟ್ಟುಕೊಂಡು ಓಡಿಸಿ. ಬೇರೆ ಬೇರೆ ಊರಿನ ಶೀಟ್ ಪಕ್ಕಪಕ್ಕ ಇಟ್ಟು ಜಗಳ ಆಡುವುದು ಸುಮ್ನೆ ಟೈಮ್ ವೇಸ್ಟ್. ಮೂರು ಸಲವಾದರೂ ಓಡಿಸಿ. ಆಯಿಲ್ ಬಿಸಿ ಪ್ರತಿ ಸಲ ಹತ್ತಿರಹತ್ತಿರ ಇರಲಿ.

ಶೀಟ್‌ನ ಮೂಲೆಯಲ್ಲಿ ಎಸ್‌ಎಇ ಅಂತ ಇದೆಯಾ, ಎಸ್‌ಟಿಡಿ ಅಂತ ಇದೆಯಾ ನೋಡಿ. ಇವೆರಡೂ ಆ ದಿನದ ಹವೆಗೆ ತಕ್ಕಂತೆ ಅಂಕಿ ತಿದ್ದುವ ಲೆಕ್ಕಗಳು. ಎಸ್‌ಟಿಡಿ ತಿದ್ದುಪಡಿಯಲ್ಲಿ ಅದೇ ಓಟಕ್ಕೆ ಸುಮಾರು 4% ಜಾಸ್ತಿ ತೋರಿಸುತ್ತದೆ. ಸ್ಮೂತಿಂಗ್ (ಗೆರೆಯ ಏರಿಳಿತ ನಯ ಮಾಡುವ ಸೆಟ್ಟಿಂಗ್) ಕೂಡ ಎರಡಕ್ಕೂ ಒಂದೇ ಇರಬೇಕು.

ಆಮೇಲೆ ತುದಿಯ (ಗರಿಷ್ಠ ಪವರ್‌ನ) ಅಂಕಿ ಬಿಟ್ಟು ಗ್ರಾಫ್‌ನ ಗೆರೆ ನೋಡಿ. ಹಳೇ 86ರಲ್ಲಿ 3,500ರಿಂದ 4,500 ಆರ್‌ಪಿಎಂ ನಡುವೆ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ಕುಸಿಯುತ್ತದೆ, ಓವರ್‌ಟೇಕ್ ಮಾಡುವಾಗ ಕಾಲಿಗೇ ಗೊತ್ತಾಗುತ್ತದೆ ಅಲ್ವಾ? ಜಿಆರ್86ರ ಗರಿಷ್ಠ ಟಾರ್ಕ್ ಬರುವುದೇ 3,700ಕ್ಕೆ. ನನಗೆ ಕೇಳಿದರೆ ತುದಿಯ 28 ಹಾರ್ಸ್‌ಪವರ್‌ಗಿಂತ ಇದೇ ದೊಡ್ಡ ವ್ಯತ್ಯಾಸ. 4,000 ಆರ್‌ಪಿಎಂ ಹತ್ತಿರ ಮೇಲಿಂದ ಕೆಳಕ್ಕೆ ಗೆರೆ ಎಳೆದು ಎರಡರ ಟಾರ್ಕ್ ಬರೆದುಕೊಳ್ಳಿ.