ಹಳೇ ರಾಕ್ ಕಾನ್ಸರ್ಟ್ ನೋಡಿ ಜಗಳಕ್ಕೆ ಕೂರುವ ಮುಂಚೆ

ಬ್ರಿಗೇಡ್ ರೋಡ್ ಪಕ್ಕದ ರೆಸ್ಟ್ ಹೌಸ್ ರೋಡಿನಲ್ಲಿ ಪೆಕೋಸ್ ಪಬ್ ಇದೆಯಲ್ಲ, ಅಂಥ ಕಡೆ ಶನಿವಾರ ಸಂಜೆ ಕೂತರೆ ಈ ಮಾತು ಬಂದೇ ಬರುತ್ತದೆ. 'ಮಗಾ, ಡ್ರಗ್ಸ್ ತಗೊಂಡಿದ್ದಕ್ಕೇ ಆ ಹಳೇ ರಾಕ್ ಬ್ಯಾಂಡಿನವರು ಹಾಗೆ ನುಡಿಸಿದ್ದು' ಅಂತ ಒಬ್ಬ. 'ಅದೆಲ್ಲ ಬರೀ ಶೋ, ಅದರಲ್ಲಿ ಸಂಗೀತ ಎಲ್ಲಿದೆ' ಅಂತ ಇನ್ನೊಬ್ಬ. ಇಬ್ಬರೂ ಎಲ್ಲೋ ಓದಿದ ಕಥೆ ಹಿಡಿದುಕೊಂಡು ಮಾತಾಡುತ್ತಿರುತ್ತಾರೆ. ನಾನೂ ಇಪ್ಪತ್ತು ವರ್ಷ ಈ ಜಗಳ ಆಡಿದ್ದೇನೆ. ಈಗ ಹೀಗೆ ಮಾಡುತ್ತೇನೆ, ನೀವೂ ಮಾಡಿ ನೋಡಿ.

ಮೊದಲು ಕಾನ್ಸರ್ಟ್ ವಿಡಿಯೋ ಹಾಕಿ ಫೋನ್ ಬೋರಲು ಇಡಿ. ಚಿತ್ರ ಬೇಡ, ಬರೀ ಸೌಂಡ್. ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಚೇರಿಗೆ ಹೋದವರು ನೋಡಿರುತ್ತೀರಿ, ಹಿರಿಯರು ಕಣ್ಣು ಮುಚ್ಚಿ ತೊಡೆ ಮೇಲೆ ತಾಳ ಹಾಕುತ್ತಿರುತ್ತಾರೆ. ಇಲ್ಲೂ ಅದೇ ಕೆಲಸ. ರಾಕ್ ಹಾಡುಗಳು ಜಾಸ್ತಿ ನಾಲ್ಕರ ಲೆಕ್ಕದವು, ಹಾಗಾಗಿ ನಾಲ್ಕರ ಎರಡು ಸುತ್ತು ಸೇರಿದರೆ ಎಂಟರ ಒಂದು ಆದಿತಾಳ ಸರಿಯಾಗಿ ಕೂರುತ್ತದೆ. ಒಂದು ಪೆಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಆಮೇಲೆ ಪೆಟ್ಟು ಹುಸಿ, ಪೆಟ್ಟು ಹುಸಿ (ಹುಸಿ ಅಂದರೆ ಅಂಗೈ ಮೇಲೆ ಮಾಡುವುದು). ಎಸಿ ಡಿಸಿ ಬ್ಯಾಂಡಿನವರ ಯಾವುದಾದರೂ ನೇರವಾದ ಹಾಡು ಹಾಕಿ. ಸ್ನೇರ್ ಡ್ರಮ್ಮಿನ ಹೊಡೆತ ನಿಮ್ಮ ಕಿರುಬೆರಳಿಗೆ, ನಡುಬೆರಳಿಗೆ, ಎರಡೂ ಹುಸಿಗೆ ಬಂದು ಬೀಳುತ್ತದೆ, ಗಡಿಯಾರದ ಹಾಗೆ. ಅದರ ಮೇಲೆ ಸ್ಕೂಲ್ ಯೂನಿಫಾರ್ಮ್ ಹಾಕಿಕೊಂಡು ಹುಚ್ಚು ಹಿಡಿದವನ ಹಾಗೆ ಕುಣಿಯುವ ಅವರ ಗಿಟಾರಿಸ್ಟ್ ಆಂಗಸ್ ಯಂಗ್ ಕುಡಿಯುವವರೇ ಅಲ್ಲ, ಅವರಿಗೆ ಟೀ ಸಾಕು. ಇದನ್ನು ಜಗಳದ ಶುರುವಿನಲ್ಲೇ ಹೇಳಿಬಿಡಿ.

ಈಗ ಕಷ್ಟದ್ದು. ಅಮೆರಿಕದಲ್ಲಿ ನಡೆದ 1969ರ ಸಂಗೀತೋತ್ಸವ ವುಡ್‌ಸ್ಟಾಕ್‌ನಲ್ಲಿ ಗಿಟಾರಿಸ್ಟ್ ಕಾರ್ಲೋಸ್ ಸಂತಾನ ಮೆಸ್ಕಲಿನ್ ಅನ್ನುವ, ಇಲ್ಲದ್ದು ಕಾಣಿಸುವ ಡ್ರಗ್ ತಗೊಂಡಿದ್ದರು. ಸ್ಟೇಜಿಗೆ ಹತ್ತಲು ಇನ್ನೂ ತುಂಬಾ ಹೊತ್ತಿದೆ ಅಂದುಕೊಂಡಿದ್ದರಂತೆ, ಆದರೆ ಬೇಗ ಕರೆದುಬಿಟ್ಟರು. ಕೈಲಿದ್ದ ಗಿಟಾರು ಹಾವಿನ ಹಾಗೆ ಕಾಣುತ್ತಿತ್ತು, ನನ್ನನ್ನು ತಾಳ ತಪ್ಪದ ಹಾಗೆ, ಶ್ರುತಿ ತಪ್ಪದ ಹಾಗೆ ಕಾಪಾಡಪ್ಪ ಅಂತ ದೇವರನ್ನು ಬೇಡಿಕೊಂಡೆ ಅಂತ ಅವರೇ ಆಮೇಲೆ ಹೇಳಿದ್ದಾರೆ. ಆ ದಿನದ 'ಸೋಲ್ ಸ್ಯಾಕ್ರಿಫೈಸ್' ಹಾಕಿ ತಾಳ ಹಿಡಿಯಿರಿ. ಅವರ ಬ್ಯಾಂಡಿನ 20 ವರ್ಷದ ಡ್ರಮ್ಮರ್ ಮೈಕಲ್ ಶ್ರೀವ್ ಸೋಲೊ ಮುಗಿಸಿ ಎಲ್ಲರೂ ಒಟ್ಟಿಗೆ ಬಂದು ಸೇರುವ ಜಾಗ ಇದೆಯಲ್ಲ, ಅದನ್ನು ಮೂರು ಸಲ ಕೇಳಿ. ಅಲ್ಲಿ ಅವರನ್ನು ಹಿಡಿದು ನಿಲ್ಲಿಸಿದ್ದು ಮೆಸ್ಕಲಿನ್ ಅಲ್ವೇ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಟ್ಟಿಗೆ ನುಡಿಸಿ ನುಡಿಸಿ ಪಳಗಿದ ಕೈಗಳು, ಪಕ್ಕದಲ್ಲಿ ಅಷ್ಟೇ ಗಟ್ಟಿಯಾದ ತಾಳವಾದ್ಯದವರು.

ಆಮೇಲೆ ಉಲ್ಟಾ ಮಾಡಿ. ಸೌಂಡ್ ಪೂರ್ತಿ ತೆಗೆದು ಬರೀ ನೋಡಿ. ಇದಕ್ಕೆ 1967ರ ಜೂನ್ 18, ಅಮೆರಿಕದ ಮಾಂಟೆರೆ ಸಂಗೀತೋತ್ಸವದಲ್ಲಿ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ತಮ್ಮ ಗಿಟಾರಿಗೆ ಬೆಂಕಿ ಹಚ್ಚಿದ್ದೇ ಸರಿ. ಅಮಲಿನಲ್ಲಿ ಮಾಡಿದ್ದು ಅಂತ ಎಲ್ಲರೂ ಹೇಳುತ್ತಾರೆ. ಕೈಗಳನ್ನು ಗಮನಿಸಿ. ಕೊನೆಯ ಹಾಡಿಗೆ ಅವರು ಗಿಟಾರು ಬದಲಿಸಿಕೊಂಡಿದ್ದಾರೆ, ಅಲ್ಲಿತನಕ ಇದ್ದ ಕಪ್ಪು ಗಿಟಾರು ಬಿಟ್ಟು ತಾವೇ ಬಣ್ಣ ಬಳಿದಿದ್ದನ್ನು ಎತ್ತಿಕೊಂಡಿದ್ದಾರೆ. ಅದೇ ವರ್ಷ ಮಾರ್ಚ್ 31ರಂದು ಲಂಡನ್ನಿನಲ್ಲಿ ಒಮ್ಮೆ ಹೀಗೇ ಬೆಂಕಿ ಹಚ್ಚಿದ್ದರು. ಹಲ್ಲಿನಲ್ಲಿ, ಬೆನ್ನ ಹಿಂದೆ ನುಡಿಸುವುದೂ ಅವರು ಕಂಡುಹಿಡಿದದ್ದಲ್ಲ, ಟಿ-ಬೋನ್ ವಾಕರ್ ಅವರಂಥ ಬ್ಲೂಸ್ ಕಲಾವಿದರು ಎಷ್ಟೋ ವರ್ಷ ಮುಂಚೆಯೇ ಗಿಟಾರನ್ನು ತಲೆ ಹಿಂದೆ ಹಿಡಿದು ನುಡಿಸುತ್ತಿದ್ದರು. ಹೆಂಡ್ರಿಕ್ಸ್ ರಾಕ್ ಅಂಡ್ ರೋಲ್ ಗಾಯಕ ಲಿಟಲ್ ರಿಚರ್ಡ್ ಹಿಂದೆ ನಿಂತು ನುಡಿಸಿ ಕಲಿತವರು. ಅಂದರೆ ಶೋ ಕೂಡ ಒಂದು ವಿದ್ಯೆ, ಯಕ್ಷಗಾನದ ವೇಷದಷ್ಟೇ ತಯಾರಿ ಬೇಡುವ ವಿದ್ಯೆ.

ಅದೇ ದಿನ ಮಧ್ಯಾಹ್ನ ಅದೇ ಸ್ಟೇಜಿನಲ್ಲಿ ಪಂಡಿತ್ ರವಿಶಂಕರ್ ಸಿತಾರ್ ನುಡಿಸಿದ್ದರು. ವಾದ್ಯಕ್ಕೆ ಬೆಂಕಿ ಹಚ್ಚಿದ್ದನ್ನು ಅವರಿಂದ ಸಹಿಸಲು ಆಗಲಿಲ್ಲ, ಡ್ರಗ್ಸ್ ಜೊತೆ ತಮ್ಮ ಸಂಗೀತ ಸೇರಿಸುವುದನ್ನೂ ಅವರು ಕೊನೆತನಕ ಒಪ್ಪಲಿಲ್ಲ. ಆಯುಧಪೂಜೆಗೆ ವೀಣೆಗೂ ತಬಲಕ್ಕೂ ಕುಂಕುಮ ಇಡುವ ಮನೆಯಲ್ಲಿ ಬೆಳೆದ ನನಗೆ ಅವರ ಸಂಕಟ ಅರ್ಥವಾಗುತ್ತದೆ. ಹೆಂಡ್ರಿಕ್ಸ್ ಕೈ ನೋಡಿದಾಗ ಮೈ ಜುಂ ಅನ್ನುವುದೂ ಅಷ್ಟೇ ನಿಜ. ಇಲ್ಲಿ ಯಾರನ್ನೂ ಗೆಲ್ಲಿಸಲು ಹೋಗಬೇಡಿ.

ಮೂರನೇದು, 'ತಗೊಂಡಿದ್ದರು' ಅಂತ ಯಾರಾದರೂ ಅಂದರೆ ಯಾವಾಗ ಅಂತ ಕೇಳಿ. ಹಾಡು ಕಟ್ಟುವಾಗಲಾ, ಸ್ಟೇಜ್ ಮೇಲಾ, ಆಮೇಲಾ? ಮೂರೂ ಬೇರೆ ಬೇರೆ. 1973ರ ನವೆಂಬರ್ 20ರಂದು 'ದ ಹೂ' ಬ್ಯಾಂಡಿನ ಕೀತ್ ಮೂನ್ ಡ್ರಮ್ಸ್ ಮೇಲೇ ಕುಸಿದು ಬಿದ್ದರು. ಡ್ರಮ್ಸ್ ಗೊತ್ತಿರುವವರು ಯಾರಾದರೂ ಇದ್ದೀರಾ ಅಂತ ಜನರನ್ನೇ ಕೇಳಬೇಕಾಯಿತು, 19ರ ಹುಡುಗನೊಬ್ಬ ಹತ್ತಿ ಶೋ ಮುಗಿಸಿದ. ಗಾಯಕ ಡೇವಿಡ್ ಬೋವಿ 1976ರ ಒಂದು ಆಲ್ಬಂ ಮಾಡಿದ್ದೇ ನೆನಪಿಲ್ಲ ಅಂದವರು, ಕೊಕೇನ್ ಬಿಡಿಸಿಕೊಳ್ಳಲು ಊರನ್ನೇ ಬಿಟ್ಟು ಬರ್ಲಿನ್‌ಗೆ ಹೋದರು. ಆ ಆಲ್ಬಂ ಅದ್ಭುತ, ಅದನ್ನೂ ಒಪ್ಪಿಕೊಳ್ಳಬೇಕು. ಗಿಟಾರಿಸ್ಟ್ ಫ್ರಾಂಕ್ ಜಾಪಾ ತಮ್ಮ ಬ್ಯಾಂಡಿನವರು ಟೂರಿನಲ್ಲಿ ಡ್ರಗ್ಸ್ ಮುಟ್ಟಲೇಬಾರದು ಅಂತ ಕಟ್ಟುನಿಟ್ಟು ಮಾಡಿದ್ದರು. ಅವರ ಸಂಗೀತ ಕೇಳಿ, ಅದಕ್ಕಿಂತ ವಿಚಿತ್ರ ಇನ್ನೇನಿದೆ?

ನೀವೇ ನುಡಿಸುವವರಾದರೆ ಇನ್ನೊಂದು ದಾರಿ ಇದೆ, ರೆಕಾರ್ಡಿಂಗ್. ಕಾಲೇಜಿನಲ್ಲಿ ನಾನು ಡ್ರಮ್ಸ್ ನುಡಿಸುತ್ತಿದ್ದೆ. ಜಯನಗರದ ಒಂದು ಜ್ಯಾಮ್ ರೂಮಿನಲ್ಲಿ ಒಂದು ರಾತ್ರಿ ನಾಲ್ವರೂ ಕುಡಿದು ನುಡಿಸಿದೆವು, ಜೀವಮಾನದಲ್ಲಿ ಇಷ್ಟು ಚೆನ್ನಾಗಿ ನುಡಿಸಿಲ್ಲ ಅಂತ ತಬ್ಬಿಕೊಂಡೆವು. ಬೆಳಗ್ಗೆ ಕ್ಯಾಸೆಟ್ ಹಾಕಿದರೆ ಎರಡನೇ ನಿಮಿಷದಿಂದ ನಾನು ತಾಳ ಬಿಟ್ಟು ಓಡುತ್ತಲೇ ಇದ್ದೇನೆ, ಬೇಸ್ ಎಲ್ಲೋ ಹಿಂದೆ ಉಳಿದಿದೆ. ನಾವು ಕೇಳಿಸಿಕೊಂಡಿದ್ದೇ ಬೇರೆ, ನುಡಿಸಿದ್ದೇ ಬೇರೆ. ಬದಲಾಗಿದ್ದು ನಮ್ಮ ಕಿವಿ. ಆ ನಾಲ್ವರಲ್ಲಿ ಒಬ್ಬ ಆಮೇಲೆ ಕುಡಿತಕ್ಕಿಂತ ಮುಂದೆ ಹೋದ. ಈಗ ಅವನು ಗಿಟಾರು ಮುಟ್ಟುವುದಿಲ್ಲ. ಅದಕ್ಕೇ ಹೊಸ ಹುಡುಗರು ಹೆಂಡ್ರಿಕ್ಸ್, ಗಾಯಕರಾದ ಜಾನಿಸ್ ಜಾಪ್ಲಿನ್, ಜಿಮ್ ಮಾರಿಸನ್ ಮೂವರೂ 27ನೇ ವಯಸ್ಸಿಗೇ ತೀರಿಹೋದದ್ದನ್ನು ಪವಾಡದ ಹಾಗೆ ಹೇಳಿದರೆ ನನಗೆ ಸುಮ್ನಿರಲು ಆಗುವುದಿಲ್ಲ.

ಅಂಥವರು ಸಿಕ್ಕರೆ ಅರಮನೆ ಮೈದಾನದ ಕಥೆ ಹೇಳಿ. 2003ರ ಏಪ್ರಿಲ್ 4, ರೋಲಿಂಗ್ ಸ್ಟೋನ್ಸ್ ನಮ್ಮೂರಿಗೆ ಬಂದಿದ್ದರು, ಮಳೆ. ಅವರ ಗಾಯಕ ಮಿಕ್ ಜ್ಯಾಗರ್‌ಗೆ ಆಗ 59. ನಾನು ಚಪ್ಪಲಿ ಕೈಲಿ ಹಿಡಿದು ಕೆಸರಿನಲ್ಲಿ ನಿಂತಿದ್ದೆ, ಅವರು ಸ್ಟೇಜ್ ತುಂಬಾ ಓಡಾಡುತ್ತಿದ್ದರು. ಅವರ ಅಪ್ಪ ವ್ಯಾಯಾಮದ ಮೇಷ್ಟ್ರು.