ಮೇಸ್ತ್ರಿಯ ಮುಂದೆ ಮಾತ್ರ ಸರಿಯಾಗುವ ಕಾರು

ತೋರಣಗಲ್ಲಿನ ಬಳಿ ಅದಿರಿನ ಲಾರಿಗಳ ನಡುವೆ ಹೆಡ್‌ಲೈಟ್ ಆರುತ್ತದೆ. ಬಳ್ಳಾರಿಯ ಗ್ಯಾರೇಜಿಗೆ ತಂದು ನಿಲ್ಲಿಸಿದರೆ ಏನೂ ಆಗದಂತೆ ಉರಿಯುತ್ತದೆ. ಇಪ್ಪತ್ತು ವರ್ಷ ದಾಟಿದ ಕಾರನ್ನು ಇಟ್ಟುಕೊಂಡವರಿಗೆ ಈ ಆಟ ಹೊಸದಲ್ಲ. ಅಂದಾಜಿನ ಮೇಲೆ ಒಂದೊಂದೇ ಭಾಗ ಬದಲಿಸುತ್ತ ಹೋದರೆ ಹಣ ಕರಗುತ್ತದೆ, ದೋಷ ಅಲ್ಲೇ ಇರುತ್ತದೆ. ನಾನೂ ಹೀಗೆ ಒಂದು ಬ್ಯಾಟರಿಯನ್ನು ಸುಮ್ಮನೆ ಕೊಂಡವನೇ.

ಉಪಕರಣಕ್ಕಿಂತ ಮೊದಲು ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ. ದೋಷ ಕಂಡಾಗ ಎಂಜಿನ್ ಬಿಸಿಯಾಗಿತ್ತೇ, ಕಾರು ಗುಂಡಿಗೆ ಇಳಿದಿತ್ತೇ, ಮಳೆ ಬಂದಿತ್ತೇ, ಏನೇನು ಒಟ್ಟಿಗೆ ಕೆಟ್ಟಿತು ಎಂದು ಬರೆಯಿರಿ. ಗುಂಡಿಯಲ್ಲಿ ಮಾತ್ರ ಆಗುವುದಾದರೆ ಸಡಿಲ ಟರ್ಮಿನಲ್ ಅಥವಾ ಸವೆದ ವೈರನ್ನು ಹುಡುಕಿ. ಮೇ ತಿಂಗಳ ಬಿಸಿಲಿನಲ್ಲಿ ಅರ್ಧ ಗಂಟೆ ಓಡಿಸಿದ ಮೇಲೆ ಮಾತ್ರ ಆಗುವುದಾದರೆ ರಿಲೇಯೊಳಗೆ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಪುಟ್ಟ ಸ್ವಿಚ್) ಬಿರುಕು ಬಿಟ್ಟ ಬೆಸುಗೆ ಇರಬಹುದು. ಇಂಡಿಕೇಟರ್ ಹಾಕಿದರೆ ಹಿಂದಿನ ಬೇರೆ ದೀಪವೂ ಮಿನುಗಿದರೆ ಮೊದಲ ಅನುಮಾನ ಅರ್ತ್ ಮೇಲೆಯೇ, ಅಂದರೆ ಕರೆಂಟ್ ಕಾರಿನ ಲೋಹದ ಮೈ ಮೂಲಕ ಬ್ಯಾಟರಿಯ ಮೈನಸ್‌ಗೆ ಮರಳುವ ಜೋಡಣೆಯ ಮೇಲೆ.

ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್ ಹಿಡಿದು ಬ್ಯಾಟರಿಯಿಂದ ಶುರು ಮಾಡಿ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ ಸುಮಾರು 13.8ರಿಂದ 14.5 ವೋಲ್ಟ್ ಬಂದರೆ ಬ್ಯಾಟರಿಯನ್ನೂ ಡೈನಮೋವನ್ನೂ ಸದ್ಯಕ್ಕೆ ಬಿಟ್ಟುಬಿಡಿ.

ನನ್ನ ಮಟ್ಟಿಗೆ ಅರ್ಧ ಕಾಯಿಲೆ ಇರುವುದು ಅರ್ತ್ ವೈರಿನಲ್ಲಿ. ಇಲ್ಲಿ ಓಮ್ ಅಳತೆ (ಕರೆಂಟಿಗೆ ಇರುವ ತಡೆಯ ಅಳತೆ) ಮೋಸ ಮಾಡುತ್ತದೆ: ಎಳೆಗಳೆಲ್ಲ ಕಡಿದು ಒಂದೇ ಎಳೆ ಉಳಿದ ಕೇಬಲ್ ಕೂಡ ಮೀಟರಿಗೆ ಸೊನ್ನೆಯ ಹತ್ತಿರವೇ ಕಾಣುತ್ತದೆ, ಆದರೆ ಸ್ಟಾರ್ಟರ್ ಕೇಳುವ ನೂರಾರು ಆಂಪಿಯರ್ ಹೊರಲಾರದು. ಆದ್ದರಿಂದ ಭಾರ ಹಾಕಿ, ಅಂದರೆ ದೊಡ್ಡ ಕರೆಂಟ್ ಹರಿಯುತ್ತಿರುವಾಗಲೇ, ವೋಲ್ಟ್ ಅಳೆಯಿರಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿರಲಿ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಕೆಂಪು ಕಡ್ಡಿ ಎಂಜಿನ್ನಿನ ಬರಿಯ ಲೋಹಕ್ಕೆ ತಾಗಿಸಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಸುಮಾರು 0.3 ವೋಲ್ಟ್ ಮೀರಿದರೆ ಅರ್ತ್ ಸರಿಯಿಲ್ಲ. ಬೋಲ್ಟ್ ಬಿಚ್ಚಿ, ಬಣ್ಣ, ತುಕ್ಕು ಹೋಗುವಂತೆ ಮರಳು ಕಾಗದದಿಂದ ಉಜ್ಜಿ, ಬಿಗಿಯಾಗಿ ಕೂರಿಸಿ. ಕೇಬಲ್ ಹಸಿರುಗಟ್ಟಿದ್ದರೆ ಹೊಸದೇ ಹಾಕಿ.

ಅರ್ತ್ ಚೆನ್ನಾಗಿದ್ದರೆ ಅಲುಗಾಡಿಸುವ ಪರೀಕ್ಷೆ. ಕೆಡುವ ದೀಪಕ್ಕೆ ಬರುವ ವೈರಿಗೆ ಮೀಟರ್ ಹಚ್ಚಿ, ಸ್ವಿಚ್ ಹಾಕಿ, ವೈರಿನ ಕಟ್ಟನ್ನು ಗೇಣು ಗೇಣಾಗಿ ಅಲುಗಾಡಿಸುತ್ತ ಹೋಗಿ. ಮೀಟರಿನ ಅಂಕಿ ಎಲ್ಲಿ ಬೀಳುತ್ತದೋ ಅಲ್ಲಿ ನಿಲ್ಲಿ. ಬಾಗಿಲಿನ ಕೀಲು, ಡಿಕ್ಕಿಯ ಕೀಲು, ವೈರ್ ತಗಡನ್ನು ದಾಟುವ ರಂಧ್ರ ಇವನ್ನು ಮೊದಲು ನೋಡಿ. ಇಲಿ ಕಡಿದ ಗುರುತನ್ನೂ ಮರೆಯಬೇಡಿ. ನಮ್ಮ ಕೆಂಪು ಧೂಳು ಕನೆಕ್ಟರಿನೊಳಗೆ ಸೇರಿ, ಮೊದಲ ಮಳೆಗೆ ಕೆಸರಾಗಿ ತೇವ ಹಿಡಿದಿಡುತ್ತದೆ. ಅದಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಬೇಕು, ನೀರಿನ ಪೈಪ್ ಅಲ್ಲ.

ರಿಲೇ ಮೇಲೆ ಅನುಮಾನವಿದ್ದರೆ ಅದೇ ನಂಬರಿನ ಇನ್ನೊಂದನ್ನು ಅದರ ಜಾಗಕ್ಕೆ ಹಾಕಿ ಕೆಲವು ದಿನ ಓಡಿಸಿ. ಕೂದಲು ಒಣಗಿಸುವ ಯಂತ್ರದಿಂದ ಹದವಾಗಿ ಬಿಸಿ ಮಾಡಿದರೆ ದೋಷ ಮನೆಯಲ್ಲೇ ಹೊರಬೀಳುವುದುಂಟು. ಫ್ಯೂಸ್ ಪದೇ ಪದೇ ಹೋಗುತ್ತದೆಂದು 10 ಆಂಪಿಯರ್ ಜಾಗದಲ್ಲಿ 20ರದನ್ನೋ ಸಿಗರೇಟ್ ಪ್ಯಾಕಿನ ಬೆಳ್ಳಿ ಬಣ್ಣದ ಲೋಹದ ಹಾಳೆಯನ್ನೋ ತುರುಕುವವರಿದ್ದಾರೆ. ಆಗ ಫ್ಯೂಸಿನ ಬದಲು ವೈರೇ ಉರಿಯುತ್ತದೆ.

ನನ್ನ ಹೆಡ್‌ಲೈಟಿನ ದೋಷ ಸಿಕ್ಕಿದ್ದು ದೀಪದ ಹಿಂದಿನ ಅರ್ತ್ ಬೋಲ್ಟಿನಲ್ಲಿ. ಹಿಂದೆ ಯಾರೋ ಬಂಪರಿಗೆ ಬಣ್ಣ ಹೊಡೆಸುವಾಗ ಅದರ ಅಡಿಗೂ ಬಣ್ಣ ಸೇರಿತ್ತು.